ಹರಿದ ನೀರಿನ ಲೆಕ್ಕ: ಅನುಕಲನದ ಮೊದಲ ಪಾಠ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ವಾಚನಾಲಯದಲ್ಲಿ ನಡೆದ ಮಾತಿನಿಂದ ಈ ಲೇಖನ ಹುಟ್ಟಿತು. ಸಾರಿಗೆ ಕಚೇರಿಯೊಂದರಲ್ಲಿ ಕಾರಕೂನನಾಗಿರುವ ಅಫಜಲಪುರ ತಾಲೂಕಿನ ಹುಡುಗನೊಬ್ಬ ಎರಡು ದಿನದ ಪತ್ರಿಕೆಗಳನ್ನು ಮುಂದೆ ಹರವಿಕೊಂಡು ಕುಳಿತಿದ್ದ. ಕೈಯಲ್ಲಿ ಪೆನ್ಸಿಲು. ನಾನು ಪುಸ್ತಕದ ನೋಂದಣಿ ಮುಗಿಸಿ ಬರುತ್ತಲೆ ಕೇಳಿದ:

“ಮಾಸ್ತರ್ರ, ಖಡಕವಾಸಲಾದಿಂದ ನಿನ್ನೆ ಹದಿನಾಲ್ಕು ಸಾವಿರ ಕ್ಯೂಸೆಕ್ ಬಿಟ್ಟಾರ, ಇವತ್ತು ಇಪ್ಪತ್ತು ಸಾವಿರ. ಕೂಡಿದರ ಮೂವತ್ತನಾಲ್ಕು ಸಾವಿರ ಆತು. ಇಷ್ಟು ನೀರು ನಮ್ಮ ಊರಿಗೆ ಬಂದರ ಹೊಳೀ ದಂಡಿ ಮ್ಯಾಲಿನ ಪಂಪಸೆಟ್ಟು ಉಳೀತದೇನ್ರೀ? ತಮ್ಮಗ ಫೋನ್ ಮಾಡಿ ಎತ್ತಿಸಲೇನು?”

ನಾನು ಮಾಸ್ತರನಲ್ಲ. ಲೆಕ್ಕದ ಖಾತೆಯಲ್ಲಿ ಸವೆದು ನಿವೃತ್ತನಾದವನು. ಕನ್ನಡಕ ಮತ್ತು ನೋಂದಣಿ ಪುಸ್ತಕ ಎರಡೂ ನನ್ನ ಬಳಿ ಇರುವುದರಿಂದ ಹುಡುಗರು ಹಾಗೆ ಕರೆಯುತ್ತಾರೆ. ಆದರೆ ಆ ಪ್ರಶ್ನೆಯಲ್ಲಿ ಒಂದು ತಪ್ಪು ಇದ್ದಿತು, ಮತ್ತು ಆ ತಪ್ಪಿನ ಬೆನ್ನಿಗೇ ಒಂದು ದೊಡ್ಡ ಶಾಸ್ತ್ರದ ಬಾಗಿಲೂ ಇದ್ದಿತು. ಪುಣೆಯ ಸೇತುವೆಗಳ ಕೆಳಗೆ ಹರಿಯುವ ಮುಠಾ ನದಿಯು ಸಂಗಮದಲ್ಲಿ ಮುಳಾ ನದಿಯನ್ನು ಕೂಡಿಕೊಂಡು ಭೀಮೆಗೆ ಸೇರುತ್ತದೆ. ಭೀಮೆ ಉಜನಿ ಜಲಾಶಯವನ್ನು ತುಂಬಿ, ಪಂಢರಪುರವನ್ನು ದಾಟಿ, ಇಂಡಿ, ಅಫಜಲಪುರದ ದಂಡೆಗಳನ್ನು ಮುಟ್ಟಿ, ದೇವಲ ಗಾಣಗಾಪುರದ ಮುಂದೆ ಹಾದು ಕೊನೆಗೆ ಕೃಷ್ಣೆಯಲ್ಲಿ ಮುಗಿಯುತ್ತದೆ. ಸದಾಶಿವ ಪೇಠದಿಂದ ಲಕಡಿ ಪೂಲಿನವರೆಗೆ ನಡೆದು ಹೋಗಿ ನೋಡಿದ ನೀರೇ ಕೆಲವು ದಿನಗಳ ಮೇಲೆ ನಮ್ಮಲ್ಲಿ ಹಲವರ ಮನೆಯ ಹಿತ್ತಿಲಿಗೆ ಬರುತ್ತದೆಂದಮೇಲೆ, ಅದರ ಲೆಕ್ಕ ನಮಗೆ ತಿಳಿದಿರುವುದು ಒಳ್ಳೆಯದು.

ಮೊದಲು ತಪ್ಪನ್ನು ನೋಡೋಣ. ಕ್ಯೂಸೆಕ್ ಎಂಬುದು ನೀರಿನ ಅಳತೆಯಲ್ಲ. ನೀರು ಹೋಗುವ ದರದ ಅಳತೆ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹೋದರೆ ಅದು ಒಂದು ಕ್ಯೂಸೆಕ್. ನಿನ್ನೆಯ ದರಕ್ಕೆ ಇಂದಿನ ದರವನ್ನು ಕೂಡುವುದೆಂದರೆ, ನಿನ್ನೆ ದಿನಕ್ಕೆ 500 ರೂಪಾಯಿಯಂತೆ ದುಡಿದೆ, ಇಂದು ದಿನಕ್ಕೆ 600ರಂತೆ ದುಡಿದೆ, ಆದ್ದರಿಂದ ನನ್ನ ಕೂಲಿ ದಿನಕ್ಕೆ 1,100 ಎಂದ ಹಾಗೆ. ಕೈಗೆ ಬಂದ ಹಣ 1,100 ಎಂಬುದು ಸರಿ. ದರ 1,100 ಎಂಬುದು ಸುಳ್ಳು. ದರವನ್ನು ಕಾಲದಿಂದ ಗುಣಿಸಿದರೆ ಮಾತ್ರ ಮೊತ್ತ ಸಿಕ್ಕುತ್ತದೆ.

ದರ ಬದಲಾಗದೆ ಇದ್ದರೆ ಇದು ಪ್ರಾಥಮಿಕ ಶಾಲೆಯ ಲೆಕ್ಕ. 1,000 ಕ್ಯೂಸೆಕ್ ನೀರು ಒಂದು ಗಂಟೆ ಹರಿದರೆ, ಗಂಟೆಗೆ 3,600 ಸೆಕೆಂಡುಗಳಾದ್ದರಿಂದ, 36 ಲಕ್ಷ ಘನ ಅಡಿ ಆಯಿತು. ಇದನ್ನು ನಮ್ಮ ಅನುಕೂಲಕ್ಕೆ ‘ಒಂದು ಪಾಲು’ ಎಂದು ಕರೆಯೋಣ. ಪತ್ರಿಕೆಯವರು ಬರೆಯುವ ಟಿಎಂಸಿ ಎಂದರೆ ಸಾವಿರ ದಶಲಕ್ಷ ಘನ ಅಡಿ, ನಮ್ಮ ಎಣಿಕೆಯಲ್ಲಿ 100 ಕೋಟಿ. ಸುಮಾರು 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ನಿಲ್ಲದೆ ಹರಿದರೆ ಒಂದು ಟಿಎಂಸಿ ಆಗುತ್ತದೆ. ಈ ಒಂದು ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮಳೆಗಾಲದ ಪತ್ರಿಕೆಯನ್ನು ಓದುವ ಬಗೆಯೇ ಬೇರೆಯಾಗುತ್ತದೆ.

ಆದರೆ ಹೊಳೆ ಒಂದೇ ದರದಲ್ಲಿ ಹರಿಯುವುದಿಲ್ಲ. ಬೆಳಗ್ಗೆ ಇಷ್ಟು, ಮಧ್ಯಾಹ್ನ ಅಷ್ಟು. ಏರುವಾಗಲೂ ಕ್ಷಣಕ್ಷಣಕ್ಕೂ ಬದಲು. ಯಾವ ದರದಿಂದ ಗುಣಿಸಬೇಕು? ಈ ಪ್ರಶ್ನೆಗೆ ಉತ್ತರವೇ ಅನುಕಲನ. ಹಿಂದಿಯಲ್ಲಿ ಇದನ್ನು ಸಮಾಕಲನ ಎನ್ನುತ್ತಾರೆ. ಹೆಸರು ಭಾರವಾಗಿದೆ, ಕೆಲಸ ಹಗುರವಾದದ್ದು.

ಒಂದು ಸುಲಭವಾದ ಏರಿಕೆಯನ್ನು ತೆಗೆದುಕೊಳ್ಳೋಣ. ಹರಿವು ಸೊನ್ನೆಯಿಂದ ಮೊದಲಾಗಿ ಒಂದೇ ಸಮನಾಗಿ ಏರುತ್ತ ಆರು ಗಂಟೆಯಲ್ಲಿ 12,000 ಕ್ಯೂಸೆಕ್ ಮುಟ್ಟಿತು ಎನ್ನೋಣ. ಅಂದರೆ ಗಂಟೆಗೆ ಎರಡು ಸಾವಿರದಂತೆ ಏರಿತು. ಸರಿಯಾದ ಮೊತ್ತ ತಿಳಿಯದಿದ್ದರೂ ಅದು ಯಾವ ಎರಡು ಅಂಕಿಗಳ ನಡುವೆ ಇರಬೇಕೆಂದು ಹೇಳಬಹುದು. ಪ್ರತಿ ಗಂಟೆಯ ಆರಂಭದ ದರವೇ ಆ ಗಂಟೆಯೆಲ್ಲ ಇತ್ತೆಂದು ಹಿಡಿದರೆ 0, 2, 4, 6, 8, 10 ಕೂಡಿ 30 ಪಾಲು. ಇದು ನಿಜಕ್ಕಿಂತ ಕಡಿಮೆ, ಏಕೆಂದರೆ ಗಂಟೆಯ ಒಳಗೆ ನೀರು ಏರುತ್ತಲೇ ಇತ್ತು. ಗಂಟೆಯ ಕೊನೆಯ ದರವನ್ನು ಹಿಡಿದರೆ 2, 4, 6, 8, 10, 12 ಕೂಡಿ 42 ಪಾಲು. ಇದು ನಿಜಕ್ಕಿಂತ ಹೆಚ್ಚು. ನಿಜ 30ಕ್ಕೂ 42ಕ್ಕೂ ನಡುವೆ ಎಲ್ಲೋ ಇದೆ. ನಡುವಿನ ಅಂತರ 12.

ಈಗ ಗಂಟೆಗೊಮ್ಮೆ ನೋಡುವ ಬದಲು ಅರ್ಧ ಗಂಟೆಗೊಮ್ಮೆ ನೋಡಿ. ಕೆಳಗಿನ ಅಂಕಿ 33, ಮೇಲಿನದು 39, ಅಂತರ 6. ಕಾಲು ಗಂಟೆಗೊಮ್ಮೆ ನೋಡಿದರೆ 34.5 ಮತ್ತು 37.5, ಅಂತರ 3. ನಿಮಿಷಕ್ಕೊಮ್ಮೆ ನೋಡಿದರೆ 35.9 ಮತ್ತು 36.1. ಕೆಳಗಿನ ಅಂಕಿ ಏರುತ್ತಿದೆ, ಮೇಲಿನದು ಇಳಿಯುತ್ತಿದೆ, ಎರಡೂ 36ರ ಕಡೆಗೆ ಒತ್ತಿಕೊಂಡು ಬರುತ್ತಿವೆ. 36ಕ್ಕಿಂತ ಒಂದು ಕೂದಲೆಳೆ ಹೆಚ್ಚಿನ ಅಂಕಿಯನ್ನು ನೀವು ಹೇಳಿದರೂ, ಅದನ್ನು ಸುಳ್ಳು ಮಾಡುವಷ್ಟು ಸಣ್ಣ ಹೋಳುಗಳನ್ನು ನಾನು ಮಾಡಬಲ್ಲೆ. ಕೂದಲೆಳೆ ಕಡಿಮೆ ಹೇಳಿದರೂ ಹಾಗೆಯೇ. ಆದ್ದರಿಂದ 36ಲ್ಲದೆ ಬೇರೆ ಅಂಕಿಗೆ ಜಾಗವೇ ಇಲ್ಲ. 36 ಪಾಲು ಎಂದರೆ 12 ಕೋಟಿ 96 ಲಕ್ಷ ಘನ ಅಡಿ.

ಇಷ್ಟೇ ಅನುಕಲನ. ಹೋಳು ಮಾಡು, ಪ್ರತಿ ಹೋಳಿನಲ್ಲೂ ದರ ಬದಲಾಗಲಿಲ್ಲವೆಂದು ಭಾವಿಸಿ ಗುಣಿಸು, ಕೂಡು, ಹೋಳುಗಳನ್ನು ಇನ್ನೂ ಸಣ್ಣದು ಮಾಡು, ಮೊತ್ತ ಎತ್ತ ಸಾಗುತ್ತದೆಂದು ನೋಡು. ಹೋಳು ಎಂದಿಗೂ ಸೊನ್ನೆಯಾಗುವುದಿಲ್ಲ. ‘ಅನಂತ ಸಣ್ಣ’ ಎಂಬ ಮಾತನ್ನು ಕೇಳಿ ಹೆದರುವವರು ಇದನ್ನು ಗಮನಿಸಬೇಕು. ನಾವು ಅನಂತಕ್ಕೆ ಹೋಗುವುದಿಲ್ಲ. ಹೋಗುವ ದಾರಿಯ ದಿಕ್ಕನ್ನು ಮಾತ್ರ ಓದುತ್ತೇವೆ.

ಚೌಕಳಿ ಕಾಗದದ ಮೇಲೆ ಕಾಲವನ್ನು ಅಡ್ಡಲಾಗಿಯೂ ಹರಿವನ್ನು ಉದ್ದಲಾಗಿಯೂ ಗುರುತಿಸಿದರೆ ಈ ಏರಿಕೆ ಒಂದು ಓರೆಗೆರೆಯಾಗುತ್ತದೆ. ಗೆರೆಯ ಕೆಳಗಿನ ತ್ರಿಕೋನದ ಕ್ಷೇತ್ರಫಲ 6 × 12 ÷ 2, ಅಂದರೆ 36. ನೀರಿನ ಮೊತ್ತವೂ ಗೆರೆಯ ಕೆಳಗಿನ ಕ್ಷೇತ್ರಫಲವೂ ಒಂದೇ. ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರೊಬ್ಬರು ಮೊದಲ ದಿನವೇ ಇಪ್ಪತ್ತು ಸೂತ್ರಗಳನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿರೆಂದರು. ಕ್ಷೇತ್ರಫಲದ ಮಾತನ್ನು ಎತ್ತಲೇ ಇಲ್ಲ. ನಾನು ಆ ವಿಷಯದಲ್ಲಿ ನಪಾಸಾದೆ. ನಲವತ್ತರ ಮೇಲೆ ಇಲಾಖೆಯ ಪರೀಕ್ಷೆಗಾಗಿ ಮತ್ತೆ ಪುಸ್ತಕ ತೆರೆದಾಗ, ಇದು ನಾನು ದಿನಾಲು ಬರೆಯುವ ರೋಜಕೀರ್ದಿಯ ಲೆಕ್ಕವೇ ಎಂದು ತಿಳಿದು ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಗೆರೆ ನೇರವಾಗಿದ್ದರೆ ತ್ರಿಕೋನ ಸಾಕು. ಬಾಗಿದ್ದರೆ? ಘಟ್ಟದಲ್ಲಿ ಜೋರು ಮಳೆ ಸುರಿದಾಗ ಹೊಳೆ ಮೊದಲು ಮೆಲ್ಲಗೆ, ಆಮೇಲೆ ಧಾವಿಸಿ ಏರುತ್ತದೆ. ಒಂದು ಗಂಟೆಯ ಮೇಲೆ 1,000 ಕ್ಯೂಸೆಕ್, ಎರಡು ಗಂಟೆಗೆ 4,000, ಮೂರಕ್ಕೆ 9,000, ಆರಕ್ಕೆ 36,000, ಹೀಗೆ ಗಂಟೆಯ ವರ್ಗದಂತೆ ಹರಿವು ಏರಿತೆನ್ನಿ. ಗಂಟೆಗೊಂದು ಹೋಳು ಮಾಡಿದರೆ ಕೆಳಗಿನ ಅಂಕಿ 55, ಮೇಲಿನದು 91. ನಿಜ ಎಷ್ಟು?

ಇಲ್ಲಿ ವರ್ಗಗಳನ್ನು ಕೂಡುವ ಸೂತ್ರ ಬೇಕು. ಅದನ್ನು ಆರ್ಯಭಟ ಕ್ರಿ. ಶ. 499ರ ತನ್ನ ಗ್ರಂಥದಲ್ಲೇ ಕೊಟ್ಟಿದ್ದಾನೆ: ಒಂದರಿಂದ ಯಾವುದೇ ಸಂಖ್ಯೆಯವರೆಗಿನ ವರ್ಗಗಳ ಮೊತ್ತ ಬೇಕಾದರೆ, ಆ ಸಂಖ್ಯೆಯನ್ನು, ಅದಕ್ಕೆ ಒಂದು ಕೂಡಿದ್ದನ್ನು, ಅದರ ಎರಡರಷ್ಟಕ್ಕೆ ಒಂದು ಕೂಡಿದ್ದನ್ನು, ಮೂರನ್ನೂ ಗುಣಿಸಿ ಆರರಿಂದ ಭಾಗಿಸುವುದು. ಆರರವರೆಗೆ ನೋಡಿ: 6 × 7 × 13 ÷ 6 = 91. ಸರಿಹೋಯಿತು. ಈಗ ಆರು ಗಂಟೆ ಅಗಲ, ಮೂವತ್ತಾರು ಸಾವಿರ ಎತ್ತರದ ಪೂರ್ತಿ ಚೌಕಟ್ಟನ್ನು ತೆಗೆದುಕೊಳ್ಳಿ. ಅದರ ಕ್ಷೇತ್ರಫಲ 216. ನಮ್ಮ ಬಾಗುಗೆರೆಯ ಕೆಳಗಿನ ಭಾಗ ಈ ಚೌಕಟ್ಟಿನ ಎಷ್ಟನೆಯ ಪಾಲು? ಆರು ಹೋಳು ಮಾಡಿದರೆ ಮೇಲಿನ ಅಂಕಿ 216ರಲ್ಲಿ 91, ಎಂದರೆ 0.42. ಹತ್ತು ಹೋಳು ಮಾಡಿದರೆ 0.385. ನೂರು ಹೋಳಿಗೆ 0.33835. ಸಾವಿರ ಹೋಳಿಗೆ 0.3338335. ಇದು ಎಲ್ಲಿಗೆ ಹೊರಟಿದೆ ಎಂಬುದನ್ನು ವಾಚಕರು ಆಗಲೇ ಊಹಿಸಿರಬೇಕು: ಮೂರರಲ್ಲಿ ಒಂದು. 216ರ ಮೂರನೆಯ ಒಂದು ಪಾಲು 72. ನೇರ ಏರಿಕೆ ಚೌಕಟ್ಟಿನ ಅರ್ಧವನ್ನು ತುಂಬಿದರೆ ವರ್ಗದ ಏರಿಕೆ ಮೂರನೆಯ ಒಂದನ್ನು ತುಂಬುತ್ತದೆ. ಘನದ ಏರಿಕೆ ನಾಲ್ಕನೆಯ ಒಂದನ್ನು ತುಂಬುತ್ತದೆ. ಮುಂದಿನದನ್ನು ನೀವೇ ಹೇಳಬಲ್ಲಿರಿ.

ಈ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಎಂಬ ಸಾಲು ಯುರೋಪಿನಿಂದಲೇ ಬಂತೆಂದು ತಿಳಿಯಬಾರದು. ಕೇರಳದ ಜ್ಯೇಷ್ಠದೇವ ಎಂಬ ಗಣಿತಜ್ಞ 1530ರ ಸುಮಾರಿಗೆ ಬರೆದ ‘ಯುಕ್ತಿಭಾಷಾ’ ಎಂಬ ಗ್ರಂಥದಲ್ಲಿ ಇದು ಕಾರಣಸಮೇತ ಇದೆ. ಅವರು ಇದನ್ನು ಸಂಕಲಿತ ಎಂದು ಕರೆದರು. ಅದು ನ್ಯೂಟನ್ ಹುಟ್ಟುವ ನೂರು ವರ್ಷಕ್ಕೂ ಹಿಂದಿನ ಮಾತು. ನನಗೆ ಹೆಚ್ಚು ಸಂತೋಷ ಕೊಡುವ ಸಂಗತಿಯೆಂದರೆ ಆ ಗ್ರಂಥ ಸಂಸ್ಕೃತದಲ್ಲಿಲ್ಲ, ಮಲಯಾಳದಲ್ಲಿದೆ. ಉನ್ನತ ಗಣಿತವನ್ನು ತಾಯ್ನುಡಿಯಲ್ಲಿ ಹೇಳಲು ಬರುವುದಿಲ್ಲ ಎನ್ನುವವರಿಗೆ ಐನೂರು ವರ್ಷದ ಹಿಂದೆಯೇ ಉತ್ತರ ಕೊಟ್ಟಾಗಿದೆ.

ಅವರಿಗೂ ಹಿಂದೆ ಭಾಸ್ಕರಾಚಾರ್ಯರಿದ್ದಾರೆ. 1114ರಲ್ಲಿ ಹುಟ್ಟಿ 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ಮುಗಿಸಿದವರು. ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಾಪುರವೇ ಎಂದು ಕೆಲವರು, ಅಲ್ಲ, ಇತ್ತ ಜಳಗಾಂವ ಜಿಲ್ಲೆಯ ಕಡೆಯದು ಎಂದು ಇನ್ನು ಕೆಲವರು. ಸದಾಶಿವ ಪೇಠದಲ್ಲಿ ಕುಳಿತು ಈ ವಾದವನ್ನು ಮುಂದುವರಿಸುವುದು ಕ್ಷೇಮವಲ್ಲ! ವಾದ ಹೇಗಾದರೂ ಇರಲಿ. ಗೋಲದ ಮೇಲ್ಮೈಯನ್ನು ಅಳೆಯಲು ಅವರು ನೆಲ್ಲಿಕಾಯಿಯನ್ನು ನೆನಪಿಸುತ್ತಾರೆ. ನೆಲ್ಲಿಕಾಯಿಯ ಮೇಲೆ ತೊಟ್ಟಿನಿಂದ ಬುಡದವರೆಗೆ ಗೆರೆಗಳಿರುತ್ತವಲ್ಲ, ಹಾಗೆ ಗೋಲವನ್ನು ಸೀಳುಗಳಾಗಿ ಗುರುತಿಸಿ, ಒಂದು ಸೀಳಿನ ಮೇಲ್ಮೈಯನ್ನು ತುಂಡುತುಂಡಾಗಿ ಅಳೆದು ಕೂಡಿ, ಸೀಳುಗಳ ಸಂಖ್ಯೆಯಿಂದ ಗುಣಿಸಿದರು. ಪರಿಧಿಯನ್ನು ವ್ಯಾಸದಿಂದ ಗುಣಿಸಿದರೆ ಗೋಲದ ಮೇಲ್ಮೈ ಎಂಬ ಸರಿಯಾದ ಉತ್ತರ ಹೀಗೆ ಬಂತು. ಗೋಲದ ಗಾತ್ರಕ್ಕೆ, ನಡುವಿನ ಬಿಂದುವಿನಲ್ಲಿ ಮೊನೆಯಿಟ್ಟ ಅಸಂಖ್ಯ ಸೂಜಿಗಳಿಂದ ಗೋಲ ತುಂಬಿದೆಯೆಂದು ಭಾವಿಸಿದರು. ಹೋಳು ಮಾಡಿ ಕೂಡುವುದು ಅಲ್ಲಿಯೂ ಇದೆ.

ಯುರೋಪಿನಲ್ಲಿ ಕೆಪ್ಲರನು 1613ರಲ್ಲಿ ತನ್ನ ಎರಡನೆಯ ಮದುವೆಗೆ ದ್ರಾಕ್ಷಾರಸ ಕೊಂಡಾಗ, ವ್ಯಾಪಾರಿ ಪೀಪಾಯಿಯೊಳಗೆ ಒಂದು ಕೋಲನ್ನು ಇಳಿಬಿಟ್ಟು ಬೆಲೆ ಹೇಳಿದನಂತೆ. ಉಬ್ಬಿದ ಪೀಪಾಯಿಯ ಗಾತ್ರ ಒಂದು ಕೋಲಿನಿಂದ ತಿಳಿಯುವುದು ಹೇಗೆ ಎಂಬ ಸಂಶಯ ಬಂದು, 1615ರಲ್ಲಿ ಪೀಪಾಯಿಗಳ ಗಾತ್ರದ ಮೇಲೆ ಒಂದು ಪುಸ್ತಕವನ್ನೇ ಬರೆದನು. ಮದುವೆಯ ಖರ್ಚಿನ ಲೆಕ್ಕದಿಂದ ಶಾಸ್ತ್ರಕ್ಕೆ ಲಾಭವಾದ ಪ್ರಸಂಗ ಇದೊಂದೇ ಇರಬೇಕು.

ಆದರೂ ನ್ಯೂಟನ್ ಮತ್ತು ಲೈಬ್ನಿಜ್ ಇವರ ಹೆಸರು ದೊಡ್ಡದಾಗಿರುವುದಕ್ಕೆ ಕಾರಣವಿದೆ. ಹೋಳು ಮಾಡಿ ಕೂಡುವುದು ಬಲು ಶ್ರಮದ ಕೆಲಸ. ಪ್ರತಿಯೊಂದು ಬಾಗುಗೆರೆಗೂ ಹೊಸ ಉಪಾಯ ಬೇಕು. ಈ ಶ್ರಮವನ್ನು ತಪ್ಪಿಸುವ ಅಡ್ಡದಾರಿಯೊಂದನ್ನು ಅವರಿಬ್ಬರೂ ಹದಿನೇಳನೆಯ ಶತಮಾನದಲ್ಲಿ ಬೇರೆಬೇರೆಯಾಗಿ ಕಂಡು ಸಾರ್ವತ್ರಿಕ ನಿಯಮವನ್ನಾಗಿ ಮಾಡಿದರು. ಆ ಅಡ್ಡದಾರಿ ಕಾರಕೂನರಾದ ನಮಗೆ ಎಲ್ಲರಿಗಿಂತ ಚೆನ್ನಾಗಿ ತಿಳಿಯಬೇಕಾದದ್ದು.

ನಿಮ್ಮ ಖಾತೆಗೆ ಈ ತಿಂಗಳು ಎಷ್ಟು ಜಮಾ ಬಿತ್ತೆಂದು ಸಾಹೇಬರು ಕೇಳಿದರೆ ಎರಡು ದಾರಿಗಳಿವೆ. ರೋಜಕೀರ್ದಿಯ ಮೂವತ್ತೂ ಪುಟಗಳನ್ನು ತಿರುವಿ ದಿನದಿನದ ಜಮಾವನ್ನು ಕೂಡಬಹುದು. ಇಲ್ಲವೆ, ಖರ್ಚಿಲ್ಲದ ಖಾತೆಯಾದರೆ, ತಿಂಗಳ ಅಖೇರಿ ಶಿಲ್ಕಿನಿಂದ ಆರಂಭದ ಶಿಲ್ಕನ್ನು ಕಳೆಯಬಹುದು. ಉತ್ತರ ಒಂದೇ, ಎರಡನೆಯದಕ್ಕೆ ಅರ್ಧ ನಿಮಿಷ ಸಾಕು. ಏಕೆಂದರೆ ಶಿಲ್ಕು ದಿನಕ್ಕೆ ಎಷ್ಟು ಬೆಳೆಯುತ್ತದೆಯೋ ಅದೇ ಆ ದಿನದ ಜಮಾ.

ಹೊಳೆಗೂ ಇದನ್ನೇ ಅನ್ವಯಿಸಿರಿ. ಇಷ್ಟು ಹೊತ್ತಿನವರೆಗೆ ಒಟ್ಟು ಹರಿದ ನೀರನ್ನು ಶಿಲ್ಕು ಎನ್ನೋಣ. ಒಂದು ಸಣ್ಣ ಕಾಲದಲ್ಲಿ ಶಿಲ್ಕು ಎಷ್ಟು ಬೆಳೆಯುತ್ತದೆ? ಆ ಹೊತ್ತಿನ ಹರಿವು × ಆ ಸಣ್ಣ ಕಾಲ. ಅಂದರೆ ಶಿಲ್ಕು ಬೆಳೆಯುವ ದರವೇ ಹರಿವು. ಹಾಗಾದರೆ, ಯಾವುದು ಬೆಳೆಯುವ ದರ ಕಾಲದ ವರ್ಗವಾಗುತ್ತದೋ ಅದನ್ನು ಹುಡುಕಿದರೆ ಶಿಲ್ಕು ಸಿಕ್ಕಿತು!

ಪುಸ್ತಕಗಳಲ್ಲಿ ಕಾಲಕ್ಕೆ ಇಂಗ್ಲಿಷ್ ಅಕ್ಷರ ಇಡುತ್ತಾರೆ. ನಾವು ‘ಕ’ ಎಂದಿಡೋಣ. ಕಾಲಕ್ಕೆ ಕೂಡಿದ ಒಂದು ಸಣ್ಣ ತುಣುಕಿಗೆ ‘ತ’ ಎನ್ನೋಣ. ಕಾಲದ ಘನ, ಅಂದರೆ ಕ³, ಎಷ್ಟು ವೇಗದಿಂದ ಬೆಳೆಯುತ್ತದೆ? (ಕ + ತ)³ ಇದರಿಂದ ಕ³ ಕಳೆದರೆ 3ಕ²ತ + 3ಕತ² + ತ³ ಉಳಿಯುತ್ತದೆ. ತ ಎಂಬ ಕಾಲದಲ್ಲಿ ಇಷ್ಟು ಬೆಳೆಯಿತು. ದರ ಬೇಕಾದರೆ ತ ಇಂದ ಭಾಗಿಸಿ: 3ಕ² + 3ಕತ + ತ². ತುಣುಕನ್ನು ಸಣ್ಣದು ಮಾಡುತ್ತ ಹೋದಂತೆ ಕಡೆಯ ಎರಡು ಪದಗಳು ಕರಗುತ್ತವೆ, 3ಕ² ಉಳಿಯುತ್ತದೆ. ಕ³ ಬೆಳೆಯುವ ದರ 3ಕ² ಎಂದಾದರೆ ಅದರ ಮೂರನೆಯ ಒಂದು ಪಾಲು ಬೆಳೆಯುವ ದರ ಕ². ಸಿಕ್ಕಿತು. ಶಿಲ್ಕು ಎಂದರೆ ಕ³ ÷ 3. ಆರು ಗಂಟೆಗೆ 216 ÷ 3 = 72 ಪಾಲು. ಸಾವಿರ ಹೋಳು ಮಾಡಿ ಬಳಲಿ ಕಂಡ ಉತ್ತರ ಒಂದೇ ಸಾಲಿನಲ್ಲಿ ಬಂತು. ಎರಡನೆಯ ಗಂಟೆಯಿಂದ ಐದನೆಯ ಗಂಟೆಯವರೆಗೆ ಮಾತ್ರ ಬೇಕೇ? 125 ÷ 3 ಇದರಿಂದ 8 ÷ 3 ಕಳೆಯಿರಿ. 117 ÷ 3, ಅಂದರೆ 39 ಪಾಲು. ಅಖೇರಿ ಶಿಲ್ಕು, ಕಳೆ ಆರಂಭದ ಶಿಲ್ಕು. ಇದನ್ನೇ ಕಲನಶಾಸ್ತ್ರದ ಮೂಲಪ್ರಮೇಯ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕುತ್ತಾರೆ.

ಪುಸ್ತಕದಲ್ಲಿ ಇಂಥ ಉತ್ತರದ ಕೊನೆಗೆ ‘ಸ್ಥಿರಾಂಕ ಕೂಡಿಸು’ ಎಂದಿರುತ್ತದೆ. ಪರೀಕ್ಷೆಯಲ್ಲಿ ಅದನ್ನು ಬಿಟ್ಟು ಅಂಕ ಕಳೆದುಕೊಂಡವರು ಬಹಳ. ಅದು ಮತ್ತೇನೂ ಅಲ್ಲ, ನೀವು ಖಾತೆ ತೆರೆಯುವ ಮೊದಲೇ ಇದ್ದ ಹಳೆಯ ಶಿಲ್ಕು. ಜಮಾವನ್ನು ಮಾತ್ರ ನೋಡುವವನಿಗೆ ಹಳೆಯ ಶಿಲ್ಕು ತಿಳಿಯುವುದಿಲ್ಲ. ಆದ್ದರಿಂದ ಅದಕ್ಕೊಂದು ಖಾಲಿ ಜಾಗ ಬಿಡಬೇಕು. ಎರಡು ಶಿಲ್ಕುಗಳ ವ್ಯತ್ಯಾಸ ತೆಗೆಯುವಾಗ ಅದು ಎರಡೂ ಕಡೆ ಇದ್ದು ತಾನೇ ಹೊಡೆದುಹೋಗುತ್ತದೆ. ಇನ್ನು ಹಾವಿನಂತೆ ಉದ್ದಕ್ಕೆ ನಿಂತ ∫ ಎಂಬ ಗುರುತು. ಲೈಬ್ನಿಜ್ 1675ರ ಅಕ್ಟೋಬರ್ 29ರಂದು ತನ್ನ ಟಿಪ್ಪಣಿಯಲ್ಲಿ ಅದನ್ನು ಮೊದಲು ಬರೆದನು. ಲ್ಯಾಟಿನ್ ಭಾಷೆಯಲ್ಲಿ ಮೊತ್ತಕ್ಕೆ ‘ಸುಮ್ಮ’ ಎನ್ನುತ್ತಾರೆ. ಅದರ ಮೊದಲಕ್ಷರವನ್ನು ಎಳೆದು ಉದ್ದ ಮಾಡಿದ್ದಾನೆ. ‘ಕೂಡು’ ಎಂದು ಓದಿಕೊಂಡರೆ ಹೆದರಿಕೆ ಹೋಗುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಹುಡುಗ ಸುಮ್ಮನಿರಲಿಲ್ಲ. “ಹೊಳೀಗೆ ಸೂತ್ರ ಎಲ್ಲಿ ಇರ್ತದ್ರೀ? ಅದು ಕ ವರ್ಗ ನೋಡಿ ಹರೀತದೇನು?” ಎಂದ. ಯೋಗ್ಯವಾದ ಪ್ರಶ್ನೆ. ಹೊಳೆಗೆ ಸೂತ್ರವಿಲ್ಲ, ಕೆಲವು ಹೊತ್ತಿನ ಅಂಕಿಗಳು ಮಾತ್ರ ಇರುತ್ತವೆ. ಅಂಥಲ್ಲಿ ಎರಡು ಅಂಕಿಗಳ ನಡುವೆ ಸರಾಸರಿ ಹಿಡಿದು ಕೂಡುವುದೇ ದಾರಿ. ಅವನು ಚೀಟಿಯ ಮೇಲೆ ಬರೆದುಕೊಂಡದ್ದನ್ನು ಲೆಕ್ಕಕ್ಕೆ ಒಪ್ಪವಾಗುವಂತೆ ತಿದ್ದಿ ಕೊಡುತ್ತೇನೆ. ಬೆಳಗ್ಗೆ 6ಕ್ಕೆ 4,000 ಕ್ಯೂಸೆಕ್, 9ಕ್ಕೆ 10,000, ಮಧ್ಯಾಹ್ನ 12ಕ್ಕೆ 16,000, ಸಂಜೆ 6ಕ್ಕೆ 20,000, ನಡುರಾತ್ರಿ 12,000, ಮರುದಿನ ಬೆಳಗ್ಗೆ 6ಕ್ಕೆ 8,000. ಮೊದಲ ಮೂರು ಗಂಟೆಗೆ ಸರಾಸರಿ 7, ಆದ್ದರಿಂದ 21 ಪಾಲು. ಆಮೇಲಿನ ಮೂರು ಗಂಟೆಗೆ ಸರಾಸರಿ 13, 39 ಪಾಲು. ಮುಂದಿನ ಆರು ಗಂಟೆಗೆ 18, 108 ಪಾಲು. ಮುಂದೆ 16, 96 ಪಾಲು. ಕೊನೆಗೆ 10, 60 ಪಾಲು. ಒಟ್ಟು 324. ಪ್ರತಿ ಪಾಲಿಗೆ 36 ಲಕ್ಷದಂತೆ 116 ಕೋಟಿ 64 ಲಕ್ಷ ಘನ ಅಡಿ, ಟಿಎಂಸಿಯಲ್ಲಿ 1.17. ‘ಇಪ್ಪತ್ತು ಸಾವಿರ ಕ್ಯೂಸೆಕ್’ ಎಂದು ತಲೆಬರಹ ಹಾಕಿದ ದಿನದ ಸರಾಸರಿ ಹದಿಮೂರೂವರೆ ಸಾವಿರ ಮಾತ್ರ.

ಈ ಸರಾಸರಿಯ ರೀತಿ ಎಷ್ಟು ನಂಬತಕ್ಕದ್ದು? ಉತ್ತರ ಗೊತ್ತಿರುವ ವರ್ಗದ ಏರಿಕೆಯ ಮೇಲೆ ಪರೀಕ್ಷಿಸಿದರೆ 55 ಮತ್ತು 91ರ ನಡುವಿನ 73 ಬರುತ್ತದೆ, ನಿಜ 72. ಎಪ್ಪತ್ತೆರಡಕ್ಕೆ ಒಂದು ತಪ್ಪು. ಓವರಸಿಯರ್ ಪರೀಕ್ಷೆಗೆ ಕೂಡುವವರು ಕಲಿಯುವ ಸಿಂಪ್ಸನ್ ನಿಯಮ ಇನ್ನೂ ನಿಕಟ. ಸಮ ಅಂತರದ ಅಂಕಿಗಳಲ್ಲಿ ಮೊದಲನೆಯದು ಮತ್ತು ಕೊನೆಯದನ್ನು ಒಂದು ಸಲ, ನಡುವಿನವನ್ನು ಸರದಿಯಂತೆ ನಾಲ್ಕು ಸಲ, ಎರಡು ಸಲ ಹಿಡಿದು ಕೂಡಿ, ಅಂತರದ ಮೂರನೆಯ ಒಂದರಿಂದ ಗುಣಿಸುವುದು. ಇಲ್ಲಿ 0 + 36, ಜೊತೆಗೆ 1, 9, 25ರ ನಾಲ್ಕರಷ್ಟು 140, ಜೊತೆಗೆ 4, 16ರ ಎರಡರಷ್ಟು 40; ಒಟ್ಟು 216; ಮೂರನೆಯ ಒಂದು 72. ಕೂದಲೆಳೆ ವ್ಯತ್ಯಾಸವಿಲ್ಲ. ಆದರೆ ಹೋಳುಗಳ ಸಂಖ್ಯೆ ಸಮಸಂಖ್ಯೆ ಇರಲೇಬೇಕು; ಇದನ್ನು ಮರೆತವರಿಗೆ ನಿಯಮ ಕೈಕೊಡುತ್ತದೆ.

ಮೊತ್ತ ತಿಳಿದರೆ ಎಲ್ಲವೂ ತಿಳಿಯಿತೇ? ಇಲ್ಲ, ಮತ್ತು ಇದನ್ನು ಪುಣೆಯ ಜನ ದುಬಾರಿ ಬೆಲೆ ತೆತ್ತು ಕಲಿತಿದ್ದಾರೆ. 1961ರ ಜುಲೈ 12ರ ಬೆಳಗ್ಗೆ, ಇನ್ನೂ ಪೂರ್ಣವಾಗದಿದ್ದ ಪಾನಶೇತ ಅಣೆಕಟ್ಟು ಒಡೆಯಿತು. ಆ ನೀರು ಕೆಳಗಿನ ಖಡಕವಾಸಲಾದ ಹಳೆಯ ಕಟ್ಟೆಯನ್ನೂ ಒಡೆದುಕೊಂಡು ಊರಿಗೆ ನುಗ್ಗಿತು. ಸೇತುವೆಗಳು ಮುಳುಗಿದವು, ಹೊಳೆಯ ಪಕ್ಕದ ಪೇಠಗಳಲ್ಲಿ ಮನೆಗಳು ಕುಸಿದವು. ಪಾನಶೇತ ಆಮೇಲೆ ಮತ್ತೆ ಕಟ್ಟಲ್ಪಟ್ಟಿತು; ಇಂದು ಅದರ ಉಪಯುಕ್ತ ಸಂಗ್ರಹ 10.65 ಟಿಎಂಸಿ. ಅಷ್ಟೇ ನೀರನ್ನು ಹತ್ತು ದಿನಗಳಲ್ಲಿ ಹದವಾಗಿ ಬಿಟ್ಟರೆ ಸರಾಸರಿ 12,300 ಕ್ಯೂಸೆಕ್ ಚಿಲ್ಲರೆ. ಊರು ತನ್ನ ಕೆಲಸ ಮಾಡಿಕೊಂಡಿರುತ್ತದೆ. ಅಷ್ಟೇ ನೀರು ಮೂರು ಗಂಟೆಗಳಲ್ಲಿ ಬಂದರೆ ಸರಾಸರಿ ಒಂಬತ್ತು ಲಕ್ಷ ಎಂಬತ್ತಾರು ಸಾವಿರ ಕ್ಯೂಸೆಕ್! ಎರಡು ಗೆರೆಗಳ ಕೆಳಗಿನ ಕ್ಷೇತ್ರಫಲ ಒಂದೇ. ಒಂದು ಗೆರೆ ಚಾಪೆಯಂತೆ ಮಲಗಿದೆ, ಇನ್ನೊಂದು ಗೋಪುರದಂತೆ ನಿಂತಿದೆ. ಮನೆ ಮುಳುಗುವುದು ಗೆರೆಯ ಎತ್ತರದಿಂದ, ಜಲಾಶಯ ತುಂಬುವುದು ಕ್ಷೇತ್ರಫಲದಿಂದ. ಭಿಡೆ ಪೂಲ್ ಮುಳುಗುತ್ತದೆಯೇ ಎಂದು ಕೇಳುವವನು ದರವನ್ನು ಕೇಳಬೇಕು. ಉಜನಿ ತುಂಬುತ್ತದೆಯೇ ಎಂದು ಕೇಳುವವನು ಮೊತ್ತವನ್ನು ಕೇಳಬೇಕು.

ಈಗ ಪಂಪಸೆಟ್ಟಿಗೆ ಬರೋಣ. ಪುಣೆಗೂ ಅಫಜಲಪುರಕ್ಕೂ ನಡುವೆ ಉಜನಿ ಎಂಬ ದೊಡ್ಡ ಖಾತೆ ಇದೆ. ತುಂಬಿದರೆ ಸುಮಾರು 117 ಟಿಎಂಸಿ. ಅದರಲ್ಲಿ ಹತ್ತು ಟಿಎಂಸಿ ಜಾಗ ಖಾಲಿಯಿದ್ದರೆ ನಮ್ಮ 1.17 ಟಿಎಂಸಿ ಅಲ್ಲೇ ಜಮಾ ಆಗುತ್ತದೆ. ಕೆಳಗಿನ ಊರಿಗೆ ಗೊತ್ತೇ ಆಗುವುದಿಲ್ಲ. ಖಾತೆ ತುಂಬಿದ್ದರೆ ಬಂದದ್ದೆಲ್ಲ ಖರ್ಚಿಗೇ ಹೋಗಬೇಕು. ಒಳಹರಿವಿನಿಂದ ಹೊರಹರಿವು ಕಳೆದು, ಉಳಿದುದನ್ನು ಕಾಲದ ಮೇಲೆ ಕೂಡುತ್ತ ಹೋದರೆ ಜಲಾಶಯದ ಶಿಲ್ಕು. ಆ ದಿನದ ಪತ್ರಿಕೆಯಲ್ಲಿ ಉಜನಿಯ ಸಂಗ್ರಹ ಹುಡುಕಿದೆವು, ಹೆಚ್ಚುಕಡಿಮೆ ತುಂಬಿತ್ತು. ಸರಿ, ಎತ್ತಿಸಬೇಕೆಂದು ಹುಡುಗ ಎದ್ದ. ಆಗ ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ಗಿರಣಿಯ ಹಳೆಯ ಕಾಮಗಾರರೊಬ್ಬರು, ಇಂಡಿ ಕಡೆಯವರು, ತಲೆ ಎತ್ತದೆಯೇ ಅಂದರು:

“ನೀರಾ ಹೊಳೀ ಮರತ್ರೇನು? ವೀರ್ ಡ್ಯಾಮಿನ ನೀರು ಉಜನಿ ಕೆಳಗ ಬಂದು ಕೂಡ್ತದ. ಅದನ್ನ ಯಾರ ಖಾತೇಗೆ ಬರೀತೀರಿ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವರ ಮಾತು ನಿಜ. ನೀರಾ ನದಿ ಭೀಮೆಯನ್ನು ಸೇರುವುದು ಉಜನಿಯ ಕೆಳಗೆ, ನರಸಿಂಗಪುರದ ಬಳಿ. ಒಂದು ಜಮಾ ಕಲಮನ್ನೇ ಬಿಟ್ಟು ಶಿಲ್ಕು ತೆಗೆದಿದ್ದೆವು. ಮತ್ತೆ ಕುಳಿತು ವೀರ್ ಅಣೆಕಟ್ಟಿನ ಅಂಕಿಯನ್ನೂ ಹುಡುಕಿ ಕೂಡಿದೆವು. ಹುಡುಗ ಜಿನೆಯ ಮೇಲೆ ನಿಂತೇ ಫೋನು ಮಾಡಿದ. ತಮ್ಮ ಆ ರಾತ್ರಿಯೇ ನಾಲ್ಕು ಜನರನ್ನು ಕೂಡಿಸಿಕೊಂಡು ಯಂತ್ರವನ್ನು ಎತ್ತಿ ಮೇಲಿನ ಬೇವಿನ ಗಿಡದ ಬುಡಕ್ಕೆ ತಂದನಂತೆ. ಮೂರನೆಯ ದಿನ ನೀರು ಬಂದು, ಪಂಪು ಇದ್ದ ಜಾಗಕ್ಕಿಂತ ಒಂದು ಮೊಳ ಕೆಳಗೇ ನಿಂತು ಇಳಿದುಹೋಯಿತಂತೆ. ಸುಮ್ಮನೆ ಸೊಂಟ ಮುರಿಸಿದೆ ಎಂದು ತಮ್ಮ ಬಯ್ದನೆಂದು ಹುಡುಗ ನಗುತ್ತ ಹೇಳಿದ. ಮರುವಾರದಿಂದ ರವಿವಾರ ಸಂಜೆ ಚೌಕಳಿ ಕಾಗದದ ಒಂದು ವಹಿಯೊಂದಿಗೆ ಬರತೊಡಗಿದ್ದಾನೆ. ಈಗ ಅವನ ಜೊತೆ ಇನ್ನೂ ಮೂವರಿದ್ದಾರೆ.

ಮನೆಯಲ್ಲಿ ಮಾಡಿ ನೋಡಲು ಒಂದು ಲೆಕ್ಕ. ಹರಿವು ಸೊನ್ನೆಯಿಂದ ಕಾಲದ ವರ್ಗದಂತೆ ಮೂರು ಗಂಟೆ ಏರಿ 9,000 ಕ್ಯೂಸೆಕ್ ಮುಟ್ಟಿತು. ಆಮೇಲೆ ಮುಂದಿನ ಮೂರು ಗಂಟೆ ಅಲ್ಲೇ ನಿಂತಿತು. ಬಳಿಕ ಎರಡು ಗಂಟೆಯಲ್ಲಿ ಒಂದೇ ಸಮನಾಗಿ ಇಳಿದು ಸೊನ್ನೆಯಾಯಿತು. ಒಟ್ಟು ಎಷ್ಟು ಪಾಲು ನೀರು ಹರಿಯಿತು? ಮೊದಲು ಚಿತ್ರ ಬರೆಯಿರಿ, ಆಮೇಲೆ ಸೂತ್ರ. 45 ಬಂದರೆ ಸರಿ.